ಹರಳಿನೊಳಗಿನ ಖಾಲಿ ಕೋಣೆ

ಸಂಘಮಿತ್ರಾ ಗುರಪ್ಪ ಯಂಕಂಚಿ ಒಂಬತ್ತು ವರ್ಷಗಳಲ್ಲಿ ನಾಲ್ಕು ಊರಿನ ನೀರು ಕುಡಿದಳು: ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಕೊನೆಗೆ ಸಿಂದಗಿ. ಊರು ನೋಡುವ ಹುಚ್ಚಿನಿಂದಲ್ಲ. ಅವಳು ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ‘ಅತಿಥಿ’ ಎಂಬ ಪದವನ್ನು ಯಾವ ಪುಣ್ಯಾತ್ಮ ಹುಡುಕಿದನೋ ಗೊತ್ತಿಲ್ಲ. ಲೋಕದಲ್ಲಿ ಅತಿಥಿಗಳನ್ನು ಮಣೆ ಹಾಕಿ ಕೂರಿಸುತ್ತಾರೆ. ಇವರನ್ನು ಮಾತ್ರ ವರ್ಷಕ್ಕೊಮ್ಮೆ ಹೊರಗೆ ಹಾಕಿ, ಮತ್ತೆ ಅರ್ಜಿ ಬರೆಸಿಕೊಂಡು, ಬೇರೆ ಊರಿನ ಬಾಗಿಲು ತೋರಿಸುತ್ತಾರೆ.

ಆ ಬಾಗಿಲೂ ಮುಚ್ಚುವ ಕಾಲ ಬಂದಿತ್ತು. ಪಿಎಚ್.ಡಿ. ಇರಬೇಕು, ಇಲ್ಲವೇ ಅರ್ಹತಾ ಪರೀಕ್ಷೆ ಪಾಸಾಗಿರಬೇಕು. ಎರಡೂ ಇಲ್ಲದವರು ಬರುವ ಜೂನಿನಿಂದ ಮನೆಗೆ. ಅರ್ಹತಾ ಪರೀಕ್ಷೆಯಲ್ಲಿ ಸಂಘಮಿತ್ರಾ ಮೂರು ಸಲ ಕೂದಲೆಳೆಯಲ್ಲಿ ಫೇಲಾಗಿದ್ದಳು. ಉಳಿದಿದ್ದು ಪಿಎಚ್.ಡಿ. ಒಂದೇ. ಅದರ ನೋಂದಣಿಯ ಅವಧಿ ಮುಗಿದು, ಹೆಚ್ಚುವರಿ ಕೊಟ್ಟ ಅವಧಿಯೂ ತೀರುತ್ತ ಬಂದಿತ್ತು. ಪ್ರಬಂಧ ಒಪ್ಪಿಸಿಯಾಗಿತ್ತು. ಮಾರ್ಚಿ ತಿಂಗಳಲ್ಲಿ ಮೌಖಿಕ ಪರೀಕ್ಷೆ, ಅದೇ ಎಲ್ಲರೂ ಹೇಳುವ ವೈವಾ.

ಆ ಪ್ರಬಂಧದ ಜೀವ ಇದ್ದದ್ದು ಒಂದು ಹರಳಿನಲ್ಲಿ. ಸಾಸಿವೆ ಕಾಳಿನ ಅರ್ಧದಷ್ಟೂ ಇಲ್ಲದ, ಸಕ್ಕರೆಯ ಹಾಗೆ ಸ್ವಚ್ಛವಾದ ಒಂದು ಬೋರೇಟ್ ಹರಳು.

ಅದು ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ, ಅವಳು ಪಾಠ ಮಾಡುವ ಸಿಂದಗಿಯ ಕಾಲೇಜಿನ ಪ್ರಯೋಗಾಲಯದ ಮೂಲೆಯ ಹಳೆಯ ಕುಲುಮೆಯಲ್ಲಿ. ಲಿಥಿಯಂ ಲವಣ, ಕ್ಯಾಲ್ಸಿಯಂ ಲವಣ, ಬೋರಿಕ್ ಆಮ್ಲ ಮೂರನ್ನೂ ಅರೆದು ಪ್ಲಾಟಿನಂ ಬಟ್ಟಲಿನಲ್ಲಿ ಕರಗಿಸಿ, ಆಮೇಲೆ ನಿಧಾನವಾಗಿ ತಂಪು ಮಾಡಬೇಕು. ನಿಧಾನ ಅಂದರೆ ದಿನಗಟ್ಟಲೆ. ಅವಸರವಾದರೆ ಅಣುಗಳಿಗೆ ಸಾಲು ಹಿಡಿದು ನಿಲ್ಲಲು ಪುರುಸೊತ್ತು ಸಿಗುವುದಿಲ್ಲ. ಎಲ್ಲೆಂದರಲ್ಲಿ ಸಿಕ್ಕಿಹಾಕಿಕೊಂಡು ಬರೀ ಗಾಜಾಗುತ್ತದೆ. ಆ ದಿನ ಮುಂಜಾನೆ ಹನ್ನೊಂದಕ್ಕೆ ಕರೆಂಟು ಹೋಯಿತು. ಕುಲುಮೆ ತಣ್ಣಗಾಗತೊಡಗಿತು.

ಎರಡು ಓಣಿ ಆಚೆ ಅವಳ ಬಾಡಿಗೆ ಮನೆ. ಅಲ್ಲಿ ಅವ್ವ ಹನಮವ್ವ. ತಮ್ಮೂರು ಯಂಕಂಚಿಯಲ್ಲಿ ಎಮ್ಮೆ ಕಟ್ಟಿ ಮೊಸರು ಮಾರುತ್ತಿದ್ದ ಹನಮವ್ವ ಮಗಳ ಜೊತೆ ಸಿಂದಗಿಗೆ ಬಂದರೂ ಹಿತ್ತಲಲ್ಲಿ ತೊಗರಿ ಕಟ್ಟಿಗೆಯ ಒಲೆ ಹೂಡಿದ್ದಳು. ಹೆಪ್ಪು ಹಾಕಿದ ಗಡಿಗೆಯನ್ನು ಆ ಒಲೆಯ ಬಿಸಿ ಬೂದಿಯಲ್ಲಿ ಕುತ್ತಿಗೆವರೆಗೂ ಹೂತಿಡುವುದು ಅವಳ ಪದ್ಧತಿ. ಬೂದಿ ಶಾಖವನ್ನು ಹಿಡಿದಿಟ್ಟುಕೊಂಡು ಸಾವಕಾಶ ಬಿಡುತ್ತದೆ, ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ಸಂಘಮಿತ್ರಾ ಓಡಿ ಹೋದವಳೇ ಬಕೆಟ್ಟಿನ ತುಂಬ ಬಿಸಿ ಬೂದಿ ತಂದು, ಕುಲುಮೆಯ ಬಾಗಿಲು ತೆಗೆದು, ಬಟ್ಟಲಿನ ಸುತ್ತ, ಅಂಚು ಒಡೆದ ಪಿಂಗಾಣಿ ಮುಚ್ಚಳದ ಮೇಲೆ, ಎಲ್ಲೆಡೆ ಇಕ್ಕಿದಳು. ಕಾಲೇಜಿನ ಅಟೆಂಡರ್ ದಿಲಾವರ, ನಿವೃತ್ತಿಗೆ ಐದಾರು ವರ್ಷ ಉಳಿದಿದ್ದ ಮನುಷ್ಯ, ಬಾಗಿಲಲ್ಲಿ ನಿಂತು ನಕ್ಕ.

“ಏನ್ರಿ ಮೇಡಂ, ಮಸರಿಗಿ ಹೆಪ್ಪ ಹಾಕಾಕತ್ತೀರೇನು?”

“ಸುಮ್ನ ಬಾಗಲಾ ಹಾಕ್ರಿ ದಿಲಾವರಣ್ಣ, ಗಾಳಿ ಬರ್ತೈತಿ.”

ಮರುದಿನ ಮಧ್ಯಾಹ್ನ ಬಟ್ಟಲಿನಲ್ಲಿ ಮೂರು ಹರಳು ಕುಳಿತಿದ್ದವು. ಉಳಿದದ್ದೆಲ್ಲ ಮಸುಕು ಗಾಜು. ಅವಳು ಪ್ರಯೋಗಾಲಯದಲ್ಲೇ ಕುಣಿದಳು. ದಿಲಾವರ ಕಂಡೂ ಕಾಣದವನಂತೆ ಬೇರೆ ಕಡೆ ನೋಡಿದ.

ಒಂದು ಹರಳು ದೂರದ ದೊಡ್ಡ ಸಂಸ್ಥೆಯ ಎಕ್ಸ್-ರೇ ಯಂತ್ರಕ್ಕೆ ಹೋಯಿತು. ಬಂದ ಅಂಕಿಗಳನ್ನು ಹಿಡಿದು ಅವಳು ಎಂಟು ತಿಂಗಳು ಕೂತು ರಚನೆ ಬಿಡಿಸಿದಳು. ಬೋರಾನ್‌ಗಳಲ್ಲಿ ಕೆಲವು ಮೂರು ಆಮ್ಲಜನಕಗಳ ಕೈ ಹಿಡಿದಿದ್ದವು, ಕೆಲವು ನಾಲ್ಕರ ಕೈ. ಆ ಕೈಗಳೆಲ್ಲ ಕೂಡಿ ಉಂಗುರವಾಗಿ, ಉಂಗುರಗಳು ಕೂಡಿ ಗೋಡೆಯಾಗಿ, ಗೋಡೆಗಳ ನಡುವೆ ಕೋಣೆಗಳಾಗಿದ್ದವು. ಒಂದು ದೊಡ್ಡ ಕೋಣೆ, ಅದರ ಆಜುಬಾಜು ಎರಡು ಸಣ್ಣವು, ಮತ್ತೆ ದೊಡ್ಡದು, ಮತ್ತೆ ಸಣ್ಣವು. ಹಳೆಯ ವಾಡೆಯೊಂದರ ಹಾಗೆ ಒಂದರೊಳಗೊಂದು ತೆರೆದುಕೊಳ್ಳುವ ಕೋಣೆಗಳು. ದೊಡ್ಡ ಕೋಣೆಯಲ್ಲಿ ಕ್ಯಾಲ್ಸಿಯಂ, ಸಣ್ಣವುಗಳಲ್ಲಿ ಲಿಥಿಯಂ. ಆದರೆ ಕ್ಯಾಲ್ಸಿಯಂ ಎರಡು ವಿದ್ಯುದಂಶ ಹೊತ್ತ ಆಸಾಮಿ. ಒಟ್ಟು ವಿದ್ಯುದಂಶದ ಲೆಕ್ಕ ಸರಿಹೋಗಬೇಕಾದರೆ ಲಿಥಿಯಂ ಅರ್ಧದಷ್ಟೇ ಇರಬೇಕು. ಅಂದರೆ ಪ್ರತಿ ಎರಡು ಸಣ್ಣ ಕೋಣೆಗಳಲ್ಲಿ ಒಂದು ಖಾಲಿ.

ಖಾಲಿ ಕೋಣೆ! ಅವಳ ಮಾರ್ಗದರ್ಶಕ ಪ್ರೇಮಕುಮಾರ ಸರ್ ಇದನ್ನು ಕೇಳಿ ಕುರ್ಚಿಯಿಂದ ಎದ್ದೇ ಬಿಟ್ಟರು. ಪಕ್ಕದ ಕೋಣೆ ಖಾಲಿ ಇದ್ದರೆ ಲಿಥಿಯಂ ಅಲ್ಲಿಗೆ ಜಿಗಿಯುತ್ತದೆ, ಅಲ್ಲಿಂದ ಮುಂದಿನದಕ್ಕೆ. ಓಡಾಡುವ ಲಿಥಿಯಂ ಅಂದರೆ ಬ್ಯಾಟರಿ. ಹೊರದೇಶದ ಒಳ್ಳೆಯ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಯಾರೂ ತಮ್ಮ ಕೆಳಗೆ ತೆಗೆದುಕೊಳ್ಳದೆ ಎರಡು ವರ್ಷ ಅಲೆದಾಡಿದ್ದ ಹುಡುಗಿಗೆ, “ಬಾರವ್ವಾ, ಕೂಡು, ಓದು” ಎಂದವರು ಈ ಸರ್. ಅವರ ಮುಖ ಅರಳಿದ್ದು ಕಂಡು ಅವಳಿಗೆ ತನ್ನ ಹೆಸರು ಅಚ್ಚಾಗಿದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ಲೇಖನದಲ್ಲಿ ಅವಳು ಒಂದು ಸುಳ್ಳು ಬರೆದಿದ್ದಳು. ‘ಗಂಟೆಗೆ ಎರಡು ಡಿಗ್ರಿಯಂತೆ ತಂಪುಗೊಳಿಸಲಾಯಿತು’ ಎಂದು. ಬೂದಿಯ ಮಾತಿಲ್ಲ. ಸರ್‌ಗೂ ಹೇಳಿರಲಿಲ್ಲ. ಕನ್ನೊಳ್ಳಿಯ ಹೈಸ್ಕೂಲಿಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ, ಇವಳು ಬೂದಿಯಿಂದ ಹಲ್ಲುಜ್ಜುತ್ತಾಳೆಂದು ತಿಳಿದ ಮೇಲೆ ಬೆಂಚಿನ ಗೆಳತಿಯರು ಒಂದು ವರ್ಷ ಪೂರ್ತಿ ಮೂಗು ಮುಚ್ಚಿಕೊಂಡು ಆಡಿಕೊಂಡಿದ್ದರು. ಕೇರಿಯ ಹುಡುಗಿಗೆ ಆಡಿಕೊಳ್ಳುವವರು ಕಾರಣ ಹುಡುಕಬೇಕಾಗಿಯೇ ಇರಲಿಲ್ಲ. ಬೂದಿ ಒಂದು ನೆಪ. ಈಗ ಜಗತ್ತಿನ ವಿಜ್ಞಾನಿಗಳ ಮುಂದೆ, ನನ್ನವ್ವನ ಒಲೆಯ ಬೂದಿ ತಂದು ಇಕ್ಕಿದೆ ಎಂದು ಹೇಗೆ ಬರೆಯುವುದು? ನಾಚಿಕೆ ಮನುಷ್ಯರಿಂದ ಏನೇನು ಮಾಡಿಸುತ್ತದೆ ನೋಡಿ. ಕಳ್ಳತನಕ್ಕೆ ಹೆದರುವ ಈ ಹೆಣ್ಣುಮಗಳು ನಾಚಿಕೆಗೆ ಸುಳ್ಳು ಬರೆದಳು, ಬರೆದು ಮರೆತೂ ಬಿಟ್ಟಳು.

ನೆನಪಿಸಿದ್ದು ಡಿಸೆಂಬರಿನಲ್ಲಿ ಬಂದ ಒಂದು ಮಿಂಚಂಚೆ. ಪೋಲೆಂಡಿನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಬರೆದಿದ್ದಳು. ಹೆಸರು ನಮ್ಮ ನಾಲಿಗೆಗೆ ತಿರುಗುವಂಥದ್ದಲ್ಲ. ವಿಷಯ ಮಾತ್ರ ಯಾರಿಗಾದರೂ ಅರ್ಥವಾಗುವಂಥದ್ದು: ‘ನನ್ನ ಇಡೀ ಸಂಶೋಧನೆ ನಿಮ್ಮ ಹರಳಿನ ಮೇಲೆ ನಿಂತಿದೆ. ಮೂರನೆಯ ವರ್ಷ ನಡೆಯುತ್ತಿದೆ. ನಲವತ್ತೊಂದು ಸಲ ಮಾಡಿದೆ, ಒಮ್ಮೆಯೂ ಬರಲಿಲ್ಲ. ನೀವು ಬರೆದ ಹಾಗೆಯೇ ಮಾಡಿದ್ದೇನೆ. ನನ್ನ ಪ್ರೊಫೆಸರು ನನ್ನ ಕೈಗುಣ ಸರಿಯಿಲ್ಲ ಅನ್ನುತ್ತಾರೆ, ಇರಬಹುದು. ದಯವಿಟ್ಟು ಹೇಳಿ, ನಾನು ಎಲ್ಲಿ ತಪ್ಪುತ್ತಿದ್ದೇನೆ?’

ಸಂಘಮಿತ್ರಾ ‘ನೋಡಿ ತಿಳಿಸುತ್ತೇನೆ’ ಎಂದು ಒಂದು ಸಾಲು ಬರೆದು, ಮರುದಿನವೇ ಕುಲುಮೆಗೆ ಕೂತಳು. ಈಗ ಕಾಲೇಜಿಗೆ ಹೊಸ ಕುಲುಮೆ ಬಂದಿತ್ತು, ಕರೆಂಟು ಹೋದರೂ ನಡೆಯುವಂಥದ್ದು, ಹೇಳಿದಷ್ಟೇ ಡಿಗ್ರಿ ಇಳಿಯುವಂಥದ್ದು. ಒಂದು ಸಲ ಮಾಡಿದಳು, ಗಾಜು. ಇನ್ನೂ ನಿಧಾನವಾಗಿ ಮಾಡಿದಳು, ಗಾಜು. ಜನವರಿ ಮುಗಿಯುವುದರೊಳಗೆ ಒಂಬತ್ತು ಬಟ್ಟಲು ಗಾಜಾಯಿತು.

ಬಟ್ಟಲು ಕೆರೆಯುತ್ತಿದ್ದ ದಿಲಾವರ ಕೇಳಿದ, “ಅವತ್ತಿನಂಗ ಬೂದಿ ಹಾಕೀರೇನ್ರಿ ಮೇಡಂ?”

“ಬೂದಿ ಯಾಕ ಬೇಕಣ್ಣಾ? ಅದು ಸಾವಕಾಶ ತಣ್ಣಗಾಗ್ಲಿ ಅಂತ ಹಾಕಿದ್ದು. ಈಗ ಮಷೀನೇ ಮಾಡ್ತೈತಿ.”

“ಹಾಕಿ ನೋಡ್ರಲ್ಲ. ನಮ್ಮಪ್ಪನ ಗಂಟೇನ್ ಹೋಗ್ತೈತಿ?”

ಅವಳು ಹಳೆಯ ಕುಲುಮೆಯನ್ನೇ ಹೂಡಿದಳು. ಒಡೆದ ಅಂಚಿನ ಅದೇ ಪಿಂಗಾಣಿ ಮುಚ್ಚಳ, ಹನಮವ್ವನ ಅದೇ ಒಲೆಯ ಬೂದಿ. ಎರಡನೆಯ ದಿನ ಬಟ್ಟಲಿನಲ್ಲಿ ಐದು ಹರಳು. ಅವಳು ಈ ಸಲ ಕುಣಿಯಲಿಲ್ಲ. ಹರಳುಗಳೆಲ್ಲ ಮುಚ್ಚಳದ ಅಂಚು ಒಡೆದಿದ್ದ ಕಡೆಗೇ ಬೆಳೆದಿದ್ದವು. ಅಲ್ಲಿಂದ ಬೂದಿ ಒಳಗೆ ಉದುರಿತ್ತು.

ತೊಗರಿ ಕಟ್ಟಿಗೆಯ ಬೂದಿಯಲ್ಲಿ ಏನಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೊಟ್ಯಾಸಿಯಂ. ಅವಳು ಎದ್ದು, ಪ್ರತಿವರ್ಷ ಮೊದಲ ಸೆಮಿಸ್ಟರಿನ ಮಕ್ಕಳಿಂದ ಮಾಡಿಸುವ ಜ್ವಾಲೆಯ ಪರೀಕ್ಷೆಗೆ ಬರ್ನರ್ ಹಚ್ಚಿದಳು. ಒಂದು ಹರಳನ್ನು ಪುಡಿ ಮಾಡಿ, ಆಮ್ಲದಲ್ಲಿ ತೋಯಿಸಿ, ತಂತಿಯ ತುದಿಯಲ್ಲಿ ಹಿಡಿದಳು. ಲಿಥಿಯಂನ ಕೆಂಪು ಎದ್ದು ಉಳಿದೆಲ್ಲ ಬಣ್ಣವನ್ನೂ ನುಂಗಿತು. ನೀಲಿ ಗಾಜನ್ನು ಕಣ್ಣಿಗೆ ಅಡ್ಡ ಹಿಡಿದಳು. ಗಾಜಿನಾಚೆ ತಿಳಿ ನೇರಳೆ, ಪೊಟ್ಯಾಸಿಯಂನ ಬಣ್ಣ. ಬೂದಿ ಸೇರದ ಬಟ್ಟಲಿನ ಚೂರನ್ನು ಹಿಡಿದು ನೋಡಿದಳು, ನೇರಳೆ ಇಲ್ಲ. ಆರು ವರ್ಷದ ಪಿಎಚ್.ಡಿ.ಯ ಬಣ್ಣ ಮೊದಲ ಸೆಮಿಸ್ಟರಿನ ಪ್ರಯೋಗದಲ್ಲಿ ಬಯಲಾಯಿತು.

ಇದು ಎಕ್ಸ್-ರೇ ಕಣ್ಣಿಗೆ ಯಾಕೆ ಬೀಳಲಿಲ್ಲ ಎಂದರೆ, ಎಕ್ಸ್-ರೇ ಎಣಿಸುವುದು ಎಲೆಕ್ಟ್ರಾನುಗಳನ್ನು. ಹರಳಿನೊಳಗೆ ಕೂತ ಕ್ಯಾಲ್ಸಿಯಂಗೂ ಹದಿನೆಂಟು, ಪೊಟ್ಯಾಸಿಯಂಗೂ ಹದಿನೆಂಟು. ಅದಕ್ಕೆ ಇಬ್ಬರೂ ಒಂದೇ. ಲಿಥಿಯಂ ಅಂತೂ ಅದರ ಕಣ್ಣಿಗೆ ಬೀಳುವುದೇ ಕಷ್ಟ, ಅಷ್ಟು ಹಗುರ. ಕೋಣೆ ತುಂಬಿದೆಯೋ ಅರ್ಧ ಇದೆಯೋ ಎಂದು ಆ ಪುಟ್ಟ ಹರಳಿನಿಂದ ಹೇಳುವಂತಿರಲಿಲ್ಲ. ದೊಡ್ಡ ಕೋಣೆಯಲ್ಲಿರುವುದು ಕ್ಯಾಲ್ಸಿಯಂ ಎಂದು ನಂಬಿದ್ದರಿಂದ ಅವಳೇ ಸಣ್ಣ ಕೋಣೆಗಳನ್ನು ಖಾಲಿ ಮಾಡಿಸಿದ್ದಳು. ಪೊಟ್ಯಾಸಿಯಂ ಹೊತ್ತಿರುವುದು ಒಂದೇ ವಿದ್ಯುದಂಶ. ಅದು ಇದ್ದ ಮೇಲೆ ಲಿಥಿಯಂ ಎಲ್ಲ ಕೋಣೆಗಳಲ್ಲೂ ಇರಲೇಬೇಕು.

ಕಡೆಯ ಅನುಮಾನವೂ ಉಳಿಯಬಾರದೆಂದು, ಕ್ಯಾಲ್ಸಿಯಂ ಒಂದು ಚಿಟಿಕೆಯೂ ಹಾಕದೆ ಬರೀ ಪೊಟ್ಯಾಸಿಯಂ ಹಾಕಿ ಹೊಸ ಕುಲುಮೆಯಲ್ಲಿಟ್ಟಳು. ಮೂರನೆಯ ದಿನ ಬಟ್ಟಲಿನ ತುಂಬ ಹರಳು, ಜೋಳದ ಕಾಳಿನ ಗಾತ್ರದವು. ಪುಡಿ ಮಾಡಿ ಎಕ್ಸ್-ರೇಗೆ ಕಳಿಸಿದರೆ ಹಳೆಯ ನಕ್ಷೆಯೇ ಗೆರೆಗೆ ಗೆರೆ ಕೂಡಿ ಬಂತು. ಖಾಲಿ ಕೋಣೆ ಎಂಬುದು ಆ ಹರಳಿನಲ್ಲಿ ಎಂದೂ ಇರಲಿಲ್ಲ. ಲಿಥಿಯಂ ಹುಟ್ಟಿದ ಕೋಣೆಯಲ್ಲೇ ಸಿಕ್ಕಿಬಿದ್ದಿತ್ತು, ಬಲಕ್ಕೂ ಜಾಗವಿಲ್ಲ, ಎಡಕ್ಕೂ ಇಲ್ಲ. ಫೆಬ್ರವರಿಯ ಹದಿನಾಲ್ಕಕ್ಕೆ ಅವಳಿಗೆ ಇದೆಲ್ಲ ಖಚಿತವಾಯಿತು. ವೈವಾಕ್ಕೆ ಐದು ವಾರ ಬಾಕಿ.

ಪ್ರೇಮಕುಮಾರ ಸರ್ ಇದನ್ನೆಲ್ಲ ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಕಡೆಗೆ ಹೇಳಿದರು:

“ಬೂದಿ ಹಾಕಿದ್ದು ನನಗರ ಹೇಳಬೇಕಿತ್ತಲ್ಲವ್ವಾ.”

“ನಾಚಿಕಿ ಆತ್ರಿ ಸರ್.”

“ನನ್ನ ಮುಂದ ಎಂಥಾ ನಾಚಿಕಿ? ನಮ್ಮವ್ವನೂ ಅದೇ ಬೂದಿಲೇ ಭಾಂಡೆ ತಿಕ್ಕಿದಾಕಿ.” ಮುಂದುವರಿಸಿದರು. “ಈಗ ಪ್ರಬಂಧ ವಾಪಸ್ ತಗೊಂಡ್ರ ನಿನ್ನ ನೋಂದಣಿ ಬಿದ್ದು ಹೋಗ್ತೈತಿ. ಮತ್ತ ಮೊದಲಿಂದ ಆರು ವರ್ಷ. ಜೂನಿಗಿ ಕೆಲಸಾ ಹೋಗ್ತೈತಿ. ಸುಳ್ಳ ಹೇಳು ಅಂತ ನಾ ಅನ್ನಾಕತ್ತಿಲ್ಲ. ಸುಮ್ನಿರು ಅನ್ನಾಕತ್ತೇನಿ. ವೈವಾ ಆಗಲಿ, ಪದವಿ ಕೈಗಿ ಬರಲಿ, ಆಮ್ಯಾಲ ಇಬ್ರೂ ಕೂಡಿ ಪತ್ರಿಕಿಗಿ ತಿದ್ದುಪಡಿ ಬರಿಯೋಣು.”

“ಆ ಹುಡಿಗಿಗಾದ್ರೂ ಬರೀಲೇನ್ರಿ ಸರ್? ಆಕಿ ಸುಮ್‌ಸುಮ್ನ ಸಾಯಾಕತ್ತಾಳ.”

“ಆಕಿಗಿ ಬರದ್ರ ಆಕಿ ತನ್ನ ಪ್ರೊಫೆಸರಗ ಹೇಳ್ತಾಳ, ಅವ ಪತ್ರಿಕಿಗಿ ಬರೀತಾನ, ಪತ್ರಿಕಿಯವ್ರು ವಿಶ್ವವಿದ್ಯಾಲಯಕ್ಕ ಬರೀತಾರ. ವೈವಾ ಅಲ್ಲಿಗೇ ನಿಲ್ತೈತಿ. ಎರಡ ತಿಂಗಳವ್ವಾ. ಎರಡ ತಿಂಗಳ ತಡದ್ರ ಆಕಿದೇನು ಮುಳುಗಿ ಹೋಗ್ತೈತಿ?”

ಅವರ ಮಾತಿನಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಅದೇ ಅವಳನ್ನು ಕಟ್ಟಿಹಾಕಿತು. ಕೆಟ್ಟ ಮನುಷ್ಯನೊಬ್ಬ ಬಾಯಿ ಮುಚ್ಚು ಎಂದರೆ ಎದುರು ನಿಲ್ಲಬಹುದು. ಕೈ ಹಿಡಿದು ನಡೆಸಿದವರು ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದರೆ ಎದುರು ನಿಲ್ಲುವುದು ಎಲ್ಲಿ?

ಆ ಐದು ವಾರ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಪಾಠ ಮಾಡುತ್ತ ಮಾಡುತ್ತ ಮಾತು ಮರೆಯುತ್ತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಬಸ್ಸು ಬಂದು ಹೋಗುತ್ತಿತ್ತು, ಇವಳು ನಿಂತೇ ಇರುತ್ತಿದ್ದಳು. ಪೋಲೆಂಡಿನ ಹುಡುಗಿಗೆ ದಿನಾ ಒಂದು ಪತ್ರ ಬರೆಯುವುದು, ಕಳಿಸದೆ ಅಳಿಸುವುದು. ಫೆಬ್ರವರಿಯ ಕೊನೆಯಲ್ಲಿ ಆ ಹುಡುಗಿಯ ಇನ್ನೊಂದು ಸಾಲು ಬಂತು: ‘ಏನಾದರೂ ಗೊತ್ತಾಯಿತೇ? ಕಾಯುತ್ತಿದ್ದೇನೆ.’ ಸಂಘಮಿತ್ರಾ ಫೋನನ್ನು ಬೋರಲು ಮಲಗಿಸಿ ಅದರ ಮೇಲೆ ಪುಸ್ತಕವಿಟ್ಟಳು, ಯಾರಾದರೂ ಒಳಗಿನಿಂದ ನೋಡುತ್ತಿದ್ದಾರೇನೋ ಎಂಬ ಹಾಗೆ. ಹನಮವ್ವ ಮಗಳ ತಟ್ಟೆಯಲ್ಲಿ ಉಳಿದ ರೊಟ್ಟಿ ನೋಡಿ, ಪರೀಕ್ಷೆಯ ಅಂಜಿಕೆ ಎಂದುಕೊಂಡು ನೆತ್ತಿಗೆ ಎಣ್ಣೆ ತಟ್ಟಿದಳು.

ವೈವಾ ಮಾರ್ಚ್ ಇಪ್ಪತ್ತೊಂದಕ್ಕೆ. ಸಭಾಂಗಣದಲ್ಲಿ ಮೂವತ್ತು ಜನ. ಹೊರಗಿನಿಂದ ಬಂದ ಪರೀಕ್ಷಕರು ಸೌಮ್ಯ ಸ್ವಭಾವದ ಹಿರಿಯರು, ಪ್ರಬಂಧವನ್ನು ನಿಜವಾಗಿ ಓದಿದವರು. ಎಲ್ಲ ಕೇಳಿದ ಮೇಲೆ ಕನ್ನಡಕ ತೆಗೆದು ನಿಧಾನವಾಗಿ ಕೇಳಿದರು, “ದೊಡ್ಡ ಜಾಗದಲ್ಲಿರುವುದು ಕ್ಯಾಲ್ಸಿಯಮ್ಮೇ ಎಂದು ಹೇಗೆ ಖಚಿತಪಡಿಸಿಕೊಂಡಿರಿ?”

ಬಾಗಿಲು ತೆರೆದಿತ್ತು. ಒಂದು ಮಾತು ಸಾಕಾಗಿತ್ತು. ಸಂಘಮಿತ್ರಾ ಪ್ರೇಮಕುಮಾರ ಸರ್ ಕಡೆ ನೋಡಿದಳು. ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಹನಮವ್ವ, ಇಸ್ತ್ರಿ ಮಾಡಿದ ಇಳಕಲ್ ಸೀರೆಯಲ್ಲಿ, ಒಂದಕ್ಷರ ತಿಳಿಯದಿದ್ದರೂ ಕಣ್ಣು ಮಿಟುಕಿಸದೆ ಮಗಳನ್ನೇ ನೋಡುತ್ತಿದ್ದಳು.

“ನಾವು ಬಟ್ಟಲಿಗೆ ಹಾಕಿದ್ದು ಕ್ಯಾಲ್ಸಿಯಂ ಸರ್” ಎಂದಳು ಸಂಘಮಿತ್ರಾ.

ಆ ವಾಕ್ಯದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ಅವಳು ಜೀವಮಾನದಲ್ಲಿ ಆಡಿರಲಿಲ್ಲ. ಪರೀಕ್ಷಕರು ತಲೆಯಾಡಿಸಿ ಕನ್ನಡಕ ಹಾಕಿಕೊಂಡರು. ಚಪ್ಪಾಳೆ ಬಿತ್ತು. ಹೊರಗೆ ಪೇಢೆ ಹಂಚಿದರು. ದಿಲಾವರ ತಾನೇ ಪಾಸಾದಷ್ಟು ಖುಷಿಯಲ್ಲಿ ಶಾಲು ಹೊದಿಸಿದ. ಅವಳು ಎಲ್ಲರಿಗೂ ನಕ್ಕಳು, ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟು ಅತ್ತಳು, ಬಂದು ಮತ್ತೆ ನಕ್ಕಳು.

ಪದವಿಯ ಅಧಿಸೂಚನೆ ಬಂದಿದ್ದು ಏಪ್ರಿಲ್ ಇಪ್ಪತ್ತೇಳಕ್ಕೆ. ಅದನ್ನು ಮುದ್ರಿಸಿ ಕಪಾಟಿನಲ್ಲಿಟ್ಟು, ಅರ್ಧ ಗಂಟೆಯೂ ತಡೆಯದೆ ಪೋಲೆಂಡಿನ ಹುಡುಗಿಗೆ ಪತ್ರ ಬರೆಯಲು ಕೂತಳು. ಎಲ್ಲ ಬರೆದಳು. ಕರೆಂಟು ಹೋದದ್ದು, ಬಕೆಟ್ಟು, ತೊಗರಿ ಕಟ್ಟಿಗೆ, ಒಡೆದ ಮುಚ್ಚಳ, ನೇರಳೆ ಬಣ್ಣ. ‘ನಿಮ್ಮ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ. ನಾನು ಬರೆದ ಹಾಗೆ ಮಾಡಿದರೆ ಯಾರಿಗೂ ಬರುವುದಿಲ್ಲ. ಅದರಲ್ಲಿ ಖಾಲಿ ಜಾಗವೇ ಇಲ್ಲ. ಕ್ಷಮಿಸಿ.’ ಕಳಿಸಿದಾಗ ಹತ್ತು ವಾರಗಳಿಂದ ಕುತ್ತಿಗೆಗೆ ಬಿದ್ದಿದ್ದ ಹಗ್ಗ ಸಡಿಲಾದಂತಾಯಿತು. ಒಂದು ನಿಮಿಷ ಮಾತ್ರ. ಪತ್ರ ವಾಪಸ್ ಬಂತು. ಆ ವಿಳಾಸ ಈಗ ಇಲ್ಲ.

ಆ ಹುಡುಗಿಯ ಪ್ರೊಫೆಸರರಿಗೆ ಬರೆದಳು. ಮೂರನೆಯ ದಿನ ನಾಲ್ಕು ಸಾಲಿನ ಉತ್ತರ ಬಂತು. ಮಾಹಿತಿಗೆ ವಂದನೆಗಳು, ಉಪಯುಕ್ತವಾಗಿದೆ. ಆ ವಿದ್ಯಾರ್ಥಿನಿ ಮಾರ್ಚ್ ಆರಂಭದಲ್ಲಿ ಸಂಶೋಧನೆ ಬಿಟ್ಟು ಹೋದಳು. ತನಗೆ ಈ ಕೆಲಸ ಒಗ್ಗುವುದಿಲ್ಲ ಎಂದು ಬರೆದುಕೊಟ್ಟಳು. ಈಗಿನ ವಿಳಾಸ ನಮ್ಮಲ್ಲಿಲ್ಲ.

ಫೆಬ್ರವರಿ ಹದಿನಾಲ್ಕರಿಂದ ಮಾರ್ಚ್ ಆರಂಭದವರೆಗೆ ಎರಡು ವಾರಕ್ಕಿಂತ ಹೆಚ್ಚು ಸಮಯವಿತ್ತು. ಒಂದು ಸಾಲು ಸಾಕಿತ್ತು.

ಸಂಘಮಿತ್ರಾ ಆಮೇಲೆ ಆ ಹೆಸರನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿದಳು, ಅದೇ ಹೆಸರಿನ ಹೆಂಗಸರು ನೂರಾರು. ಹದಿನೇಳು ಜನಕ್ಕೆ ಬರೆದಳು. ಒಬ್ಬಳು ‘ನಾನಲ್ಲ’ ಎಂದಳು, ಉಳಿದವರು ಉತ್ತರಿಸಲಿಲ್ಲ. ಜುಲೈನಲ್ಲಿ ತಿದ್ದುಪಡಿ ಅಚ್ಚಾಯಿತು. ಪ್ರೇಮಕುಮಾರ ಸರ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ಯಾರೂ ಅದನ್ನು ಓದಿದಂತೆ ಕಾಣಲಿಲ್ಲ. ಅವಳಿಗೆ ಮತ್ತೆ ಸಿಂದಗಿಯೇ ಸಿಕ್ಕಿತು. ಬಾಗಿಲ ಮೇಲೆ ಡಾ. ಎಂದು ಬರೆಸಿದರು.

ಒಂದು ಭಾನುವಾರ, ರೊಟ್ಟಿ ಬಡಿಯುತ್ತಿದ್ದ ಹನಮವ್ವನ ಮುಂದೆ ಕೂತು ಅವಳು ಎಲ್ಲ ಹೇಳಿದಳು. ಹರಳು, ಕೋಣೆ ಎಂಬುದೆಲ್ಲ ಹನಮವ್ವನಿಗೆ ಎಷ್ಟು ತಿಳಿಯಿತೋ. ಅವಳು ಕೈ ನಿಲ್ಲಿಸಿ ಕೇಳಿದ್ದು ಒಂದೇ.

“ಹಂಗಾರ ಆ ಹುಡಿಗಿ ಇನ್ನೂ ತಂದೇ ತಪ್ಪಂತ ತಿಳಕೊಂಡಾಳೇನು?”

“ಹೌದವ್ವಾ.”

“ಹೋಗಿ ಹೇಳಬಾರದಾ?”

“ಎಲ್ಲಿದ್ದಾಳಂತ ಗೊತ್ತಿಲ್ಲವ್ವಾ.”

ಹನಮವ್ವ ಮಗಳ ಮುಖವನ್ನು ನೋಡಿದಳು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಅದನ್ನು ಮಗುಚಿ ಹಾಕಿ, ಮುಂದಿನದಕ್ಕೆ ಹಿಟ್ಟು ನಾದತೊಡಗಿದಳು.